ಬ್ಯಾಂಕಾಕಿನ ಬಾಗಿಲಲ್ಲಿ ಮೈರಾವಣ

ನೇರಳೆ ಮೈ, ಕೋರೆಹಲ್ಲು, ನೆಲಕ್ಕೂರಿ ಎರಡೂ ಕೈಯಲ್ಲಿ ಹಿಡಿದ ಗದೆ. ಬ್ಯಾಂಕಾಕಿನ ಅರಮನೆಯ ಆವರಣದಲ್ಲಿ ಪಚ್ಚೆ ಬುದ್ಧನ ಗುಡಿಯ ಬಾಗಿಲುಗಳನ್ನು ಹನ್ನೆರಡು ರಕ್ಕಸರು ಕಾಯುತ್ತಾರೆ. ಅವರಲ್ಲಿ ಇವನೊಬ್ಬ, ಹೆಸರು ಮೈಯರಾಪ್. ಥಾಯಿ ಬರಹದಲ್ಲಿ ಹೆಸರಿನ ಕೊನೆಗೊಂದು ‘ಣ’ ಇದೆ, ಬಾಯಿಗೆ ಬರುವಾಗ ಅದು ಉದುರಿಹೋಗುತ್ತದೆ. ಅದನ್ನು ಮತ್ತೆ ಅಂಟಿಸಿ, ‘ಪ’ಕಾರವನ್ನು ‘ವ’ಕಾರ ಮಾಡಿ ಓದಿದರೆ ಸಿಗುವವನು ನಮ್ಮ ಯಕ್ಷಗಾನದ ಪಾತಾಳದ ರಕ್ಕಸ ಮೈರಾವಣ.

ಇದನ್ನು ಹೇಳಿದ್ದೇ ತಡ, ಮೊದಲ ಸಲ ಬ್ಯಾಂಕಾಕಿಗೆ ಬಂದಿದ್ದ ನಾಲ್ವರಲ್ಲಿ ಕುಮಟಾ ಕಡೆಯ ಗೆಳೆಯ ಅಲ್ಲೇ ನಿಂತುಬಿಟ್ಟ. ಮೂರು ದಿನದ ಪ್ರವಾಸದ ಪಟ್ಟಿಯಲ್ಲಿ ಎರಡು ಮಾಲು, ಚಾತುಚಾಕ್ ಸಂತೆ, ತೇಲುವ ಮಾರುಕಟ್ಟೆ, ದೋಣಿಯಲ್ಲಿ ರಾತ್ರಿಯೂಟ ಎಲ್ಲ ಇದ್ದವು. ಅರ್ಧಕ್ಕರ್ಧ ಹೊಡೆದುಹಾಕಿದ್ದಾಯಿತು. ಮಾಲುಗಳ ಬಗ್ಗೆ ಬರೆಯುವಂಥದ್ದೇನೂ ಇಲ್ಲ, ಬೆಂಗಳೂರಿನಂಥವೇ, ಇನ್ನಷ್ಟು ತಣ್ಣಗಿವೆ ಅಷ್ಟೆ.

ಅರಮನೆಗೆ ನದಿಯ ಮೇಲೆ ಹೋಗುವುದೇ ಸರಿಯಾದ ದಾರಿ. ಬಿಟಿಎಸ್ ಮೇಲ್ಸೇತುವೆ ರೈಲಿನಲ್ಲಿ ಸಫಾನ್ ತಾಕ್ಸಿನ್ ನಿಲ್ದಾಣಕ್ಕೆ ಬಂದು ಇಳಿದರೆ ಕೆಳಗೇ ಸಾಥೋನ್ ದೋಣಿಕಟ್ಟೆ. ಅಲ್ಲಿ ಮೊದಲು ಕಣ್ಣಿಗೆ ಬೀಳುವುದು ಪ್ರವಾಸಿ ದೋಣಿಯ ಕೌಂಟರ್, ದಿನದ ಪಾಸಿಗೆ 150 ಬಾತ್. ಅದನ್ನು ದಾಟಿ ಮುಂದೆ ಹೋಗಿ, ಕಿತ್ತಳೆ ಬಾವುಟದ ದೋಣಿಗೆ ಕಾಯಬೇಕು. ಎಷ್ಟು ದೂರ ಹೋದರೂ 16 ಬಾತ್, ಊರಿನ ಜನ ಕೆಲಸಕ್ಕೆ ಹೋಗುವುದೂ ಇದರಲ್ಲೇ. ಕಂಡಕ್ಟರಮ್ಮನ ಕೈಯಲ್ಲಿ ಉದ್ದನೆಯ ತಗಡಿನ ಕೊಳವೆ ಇರುತ್ತದೆ. ಚಿಲ್ಲರೆಯೂ ಟಿಕೆಟ್ಟೂ ಅದರೊಳಗೇ. ಅದನ್ನು ಗಲಗಲ ಅಲ್ಲಾಡಿಸಿಕೊಂಡು ಬಂದಾಗ 20 ಬಾತ್ ನೋಟು ಕೊಟ್ಟರೆ ಸಾಕು, ಸಾವಿರದ ನೋಟು ಚಾಚಿದರೆ ಮುಖ ಸಿಂಡರಿಸುತ್ತಾರೆ. ದೋಣಿ ಕಟ್ಟೆಗೆ ತಾಗಿ ನಿಲ್ಲುವುದು ಅರೆಗಳಿಗೆ, ಹತ್ತಿ ಇಳಿಯುವುದು ಹಿಂಬದಿಯಿಂದ. ಆದ್ದರಿಂದ ಮುಂದೆ ಹೋಗಿ ಕೂತವರು ಒಂದು ನಿಲ್ದಾಣ ಮೊದಲೇ ಏಳಬೇಕು. ಹಿಂಭಾಗದಲ್ಲಿ ಭಿಕ್ಷುಗಳಿಗೆಂದು ಬಿಟ್ಟ ಜಾಗವಿದೆ, ಅಲ್ಲಿ ನಿಲ್ಲಬೇಡಿ. ಇಳಿಯಬೇಕಾದದ್ದು ಥಾ ಚಾಂಗ್‌ನಲ್ಲಿ. ಹೆಸರಿನ ಅರ್ಥ ಆನೆಕಟ್ಟೆ.

ಮೊದಲ ದಿನ ಎಡವಿದ್ದು ಇಲ್ಲಿಂದ ಮುಂದೆ. ಇಬ್ಬರು ನೀರು ಕೊಳ್ಳಲು ಹಿಂದುಳಿದರು. ಅರಮನೆಯ ಗೋಡೆಯ ಪಕ್ಕ ಇಸ್ತ್ರಿ ಅಂಗಿ ಹಾಕಿದ ಸಭ್ಯಸ್ಥನೊಬ್ಬ ಅವರಿಗೆ ಎದುರಾಗಿ, ಇವತ್ತು ಪೂಜೆ, ಮಧ್ಯಾಹ್ನದವರೆಗೆ ಬಾಗಿಲಿಲ್ಲ, ಅಷ್ಟರಲ್ಲಿ 20 ಬಾತಿಗೆ ಟುಕ್‌ಟುಕ್ಕಿನಲ್ಲಿ ಮೂರು ಗುಡಿ ನೋಡಿಬನ್ನಿ ಎಂದನಂತೆ. ಗುಡಿ ಒಂದೇ. ಉಳಿದೆರಡು ಕಡೆ ಇಳಿಸಿದ್ದು ಹರಳಿನ ಅಂಗಡಿಗೆ, ಆಮೇಲೆ ಸೂಟು ಹೊಲಿಯುವ ದರ್ಜಿಯ ಬಳಿಗೆ. ಚಾಲಕನಿಗೆ ಲಾಭ ಬರುವುದು ಅಂಗಡಿಯವರು ಕೊಡುವ ಕಮಿಷನ್ನಿನಿಂದ, 20 ಬಾತಿನಿಂದಲ್ಲ. ಮರಳಿ ಬರುವಷ್ಟರಲ್ಲಿ ಗಂಟೆ ಮೂರೂ ನಲವತ್ತು. ಟಿಕೆಟ್ ಕಿಂಡಿ ಮುಚ್ಚುವುದು ಮೂರೂವರೆಗೆ. ಅರಮನೆ ತೆರೆದಿದೆಯೋ ಇಲ್ಲವೋ ಎಂಬುದನ್ನು ಬಾಗಿಲಲ್ಲಿ ನಿಂತ ಸಮವಸ್ತ್ರದವರನ್ನು ಮಾತ್ರ ಕೇಳಬೇಕು. ರಸ್ತೆಯಲ್ಲಿ ತಾನಾಗಿ ಬಂದು ಇಂಗ್ಲಿಷಿನಲ್ಲಿ ಮಾತಾಡಿಸುವವನನ್ನಲ್ಲ, ಅವನು ಎಷ್ಟೇ ನಯವಾಗಿರಲಿ. ಜೊತೆಗಿದ್ದ ನಾನೂ ಸೇರಿ ಐದು ಜನರ ಇಡೀ ಒಂದು ದಿನ ಹೋದದ್ದು ಹೀಗೆ.

ಮರುದಿನ ಎಂಟೂವರೆಗೆ, ಬಾಗಿಲು ತೆರೆಯುವ ಹೊತ್ತಿಗೆ ಸಾಲಿನಲ್ಲಿ ನಿಂತದ್ದಾಯಿತು. ಟಿಕೆಟ್ 500 ಬಾತ್. ಚಡ್ಡಿ, ತೋಳಿಲ್ಲದ ಅಂಗಿ, ಹರಿದ ಜೀನ್ಸ್ ನಡೆಯುವುದಿಲ್ಲ. ತೋಳಿಲ್ಲದ ಅಂಗಿಯ ಮೇಲೆ ಶಾಲು ಹೊದ್ದರೂ ಒಪ್ಪುವುದಿಲ್ಲ. ಬಾಗಿಲಿನವರೆಗೆ ಬಂದು ವಾಪಸ್ಸಾದವರು ಎದುರಿನ ಅಂಗಡಿಯಲ್ಲಿ ಆನೆಚಿತ್ರದ ಪ್ಯಾಂಟು ಕೊಳ್ಳುವುದು ಅಲ್ಲಿ ದಿನವೂ ನಡೆಯುವ ನಾಟಕ.

ಗುಡಿಯ ಒಳಗೆ ಪಾದರಕ್ಷೆ ಇಲ್ಲ, ಫೋಟೋ ಇಲ್ಲ. ಪಚ್ಚೆ ಬುದ್ಧನ ಎತ್ತರ 66 ಸೆಂಟಿಮೀಟರ್ ಮಾತ್ರ, ತುಂಬ ಎತ್ತರದ ಪೀಠದಲ್ಲಿ ಹುಡುಕಿ ನೋಡಬೇಕು. ಎಲ್ಲರೂ ಇಲ್ಲಿ ನೂಕುನುಗ್ಗಲಾಗಿ ನಿಂತು, ಆಮೇಲೆ ಹೊರಗಿನ ಚಿನ್ನದ ಸ್ತೂಪದ ಮುಂದೆ ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ನಿಜವಾದ ಸಂಪತ್ತು ಇರುವುದು ಸುತ್ತಲ ಪ್ರಾಕಾರದ ಗೋಡೆಯಲ್ಲಿ: ರಾಮಕಿಯನ್, ಅಂದರೆ ಥಾಯಿ ರಾಮಾಯಣ, 178 ಚಿತ್ರಗಳಲ್ಲಿ. 1782ರಲ್ಲಿ ಬ್ಯಾಂಕಾಕನ್ನು ರಾಜಧಾನಿ ಮಾಡಿದ ಮೊದಲನೆಯ ರಾಮನೆಂಬ ರಾಜನ ಕಾಲದಲ್ಲಿ ಬರೆಸಿದ್ದು, ಆಮೇಲೆ ಹಲವು ಸಲ ತಿದ್ದಿ ಬಣ್ಣ ಕಟ್ಟಿದ್ದಾರೆ. ಕಥೆ ಶುರುವಾಗುವುದು ಉತ್ತರದಲ್ಲಿ, ವಿಹಾನ್ ಯೋತ್ ಎಂಬ ಕಟ್ಟಡದ ಎದುರು, ಸೀತೆ ನೇಗಿಲಿಗೆ ಸಿಗುವಲ್ಲಿಂದ. ಜನ ಒಳಬರುವುದು ಬೇರೆ ಕಡೆಯಿಂದ, ಹಾಗಾಗಿ ಹೆಚ್ಚಿನವರಿಗೆ ಕಥೆ ನಡುವೆ ಎಲ್ಲೋ ಸಿಗುತ್ತದೆ, ತಲೆಬುಡ ತಿಳಿಯುವುದಿಲ್ಲ. ಮೊದಲನೆಯ ಚಿತ್ರ ಹುಡುಕಿಕೊಂಡು ಅಲ್ಲಿಂದ ಪ್ರದಕ್ಷಿಣೆಯಾಗಿ ಹೋಗಬೇಕು. ಎರಡು ಗಂಟೆ ಕೈಯಲ್ಲಿಟ್ಟುಕೊಳ್ಳಿ. ನೆರಳಿದೆ, ಕೂರಲು ಜಾಗ ಕಡಿಮೆ.

ಹಸಿರು ಮೈಯ ತೋಸಕನ್ ಅಂದರೆ ದಶಕಂಠ. ಪಿಪೇಕ್ ಅಂದರೆ ವಿಭೀಷಣ, ಸುಕ್ರೀಪ್ ಅಂದರೆ ಸುಗ್ರೀವ. ಬಿಳಿಯ ಕಪಿ ಹನುಮಾನ್. ಹೆಸರು ಹಿಡಿದರೆ ಅರ್ಧ ಕಥೆ ಬಂದ ಹಾಗೆ. ಇನ್ನರ್ಧದಲ್ಲೇ ಜಗಳ. ಇಲ್ಲಿ ಸೀತೆ ತೋಸಕನ್‌ನ ಮಗಳು, ಹುಟ್ಟಿದಾಗಲೇ ನೀರಿಗೆ ಬಿಟ್ಟ ಕೂಸು. ರಾವುಳ, ಅಂದರೆ ರಾವಣ, ಸೀನಿದಾಗ ಸೀತೆ ಹುಟ್ಟಿದಳೆಂಬ ಜನಪದ ಹಾಡು ಕನ್ನಡದಲ್ಲೂ ಇರುವುದರಿಂದ ಅದಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ಸೇತುವೆಯ ಚಿತ್ರದ ಮುಂದೆ ಮಾತು ನಿಂತಿತು. ಕಪಿಗಳು ಹಾಕಿದ ಕಲ್ಲನ್ನು ಮೀನುಗಳು ಹೊತ್ತೊಯ್ಯುತ್ತಿವೆ. ಮೀನುಗಳ ಒಡತಿ ಸುಪನ್ನಮಚ್ಚಾ, ಸುವರ್ಣಮತ್ಸ್ಯೆ, ಇವಳೂ ತೋಸಕನ್‌ನ ಮಗಳೇ. ನೀರಿಗೆ ಧುಮುಕಿದ ಹನುಮಂತ ಅವಳನ್ನು ಹಿಡಿಯುತ್ತಾನೆ, ಒಲಿಸಿಕೊಳ್ಳುತ್ತಾನೆ, ಮಗನೂ ಹುಟ್ಟುತ್ತಾನೆ.

“ಎಂಥದು ಮಾರಾಯಾ, ಬ್ರಹ್ಮಚಾರಿಗೆ ಸಂಸಾರವಾ?” ಎಂದ ಕುಮಟಾದವನು.

“ಮೈರಾವಣ ಕಾಳಗದಲ್ಲಿ ಮತ್ಸ್ಯಹನುಮ ಯಾರ ಮಗ?”

“ಅದು ಬೆವರು ಮೀನಿನ ಬಾಯಿಗೆ ಬಿದ್ದು ಹುಟ್ಟಿದ್ದು. ಬೆವರಿಗೂ ಇದಕ್ಕೂ ಎಲ್ಲಿಗೆಲ್ಲಿ?”

ಸುಪನ್ನಮಚ್ಚಾಳ ಆ ಮಗನ ಹೆಸರು ಮಚ್ಚಾನು: ಬಿಳಿಯ ಮಂಗ, ಮೀನಿನ ಬಾಲ. ಮುಂದೆ ಯುದ್ಧಕಾಂಡದಲ್ಲಿ ಅವನೇ ಸಿಗುತ್ತಾನೆ, ಪಾತಾಳದಲ್ಲಿ, ಮೈಯರಾಪ್‌ನ ಕಾವಲಿಗೆ. ಯಕ್ಷಗಾನದಲ್ಲಿ ಹನುಮಂತ ಬಾಲದಿಂದ ಕೋಟೆ ಕಟ್ಟಿ ರಾಮಲಕ್ಷ್ಮಣರನ್ನು ಕಾಯುತ್ತಾನೆ. ಇಲ್ಲಿ ಬೆಟ್ಟದಷ್ಟು ಬೆಳೆದು ರಾಮನ ಬಿಡಾರವನ್ನೇ ಬಾಯೊಳಗಿಟ್ಟುಕೊಳ್ಳುತ್ತಾನೆ, ಆ ಚಿತ್ರ ದೂರದಿಂದಲೇ ಗುರುತು ಸಿಗುತ್ತದೆ. ಮೈಯರಾಪ್ ಬೆಳಗಾಯಿತೆಂದು ಕಪಿಗಳನ್ನು ಮೋಸಗೊಳಿಸಿ, ನಿದ್ದೆಯ ಮದ್ದು ಊದಿ, ರಾಮನನ್ನು ಹೊತ್ತೊಯ್ಯುತ್ತಾನೆ. ಅಪ್ಪಮಗ ಕಾದಾಡಿ ಸಮಸಮ ಆದಮೇಲೆ ಗುರುತು ಹಿಡಿಯುವ ಬಗೆ ಮಾತ್ರ ಪೂರಾ ಥಾಯಿ: ಹನುಮಂತ ಆಕಳಿಸುತ್ತಾನೆ, ಬಾಯಿಂದ ಚಂದ್ರನೂ ನಕ್ಷತ್ರಗಳೂ ಹೊರಬರುತ್ತವೆ. ಕುಮಟಾದವನು ಇದಕ್ಕೆ ಒಪ್ಪಿಗೆ ಕೊಟ್ಟ. ಸಂಸಾರಕ್ಕೆ ಕೊಡಲಿಲ್ಲ.

ಹೊಟ್ಟೆಯ ವಿಚಾರ. ಸಸ್ಯಾಹಾರಕ್ಕೆ ಥಾಯಿ ಪದ ‘ಮಾಂಗ್ಸವಿರತ್’. ಬಿಡಿಸಿದರೆ ಮಾಂಸವಿರತಿ, ಆದರೆ ಮೊಟ್ಟೆ ಬಂದೀತು. ಹಳದಿ ಬಾವುಟದ ಮೇಲೆ ಕೆಂಪಿನಲ್ಲಿ 17ರಂತೆ ಕಾಣುವ ಅಕ್ಷರವಿದ್ದರೆ ಅದು ‘ಜೇ’, ಅಲ್ಲಿ ಮಾಂಸ, ಮೀನು, ಮೊಟ್ಟೆ ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಬೇರೆ ಕಡೆ ತರಕಾರಿ ಪಲ್ಯ ಕೇಳಿದರೂ ಮೀನಿನ ರಸ ಬಿದ್ದಿರುತ್ತದೆ. ‘ಮೈ ಸಾಯ್ ನಾಮ್ ಪ್ಲಾ’ ಎಂದರೆ ಮೀನಿನ ರಸ ಹಾಕಬೇಡಿ ಎಂದು. ‘ಕಪಿ’ಯನ್ನೂ ಬೇಡವೆನ್ನಬೇಕು: ಇಲ್ಲಿ ಕಪಿ ಎಂದರೆ ಸೀಗಡಿಯನ್ನು ಉಪ್ಪು ಹಾಕಿ ಹುದುಗಿಸಿದ ಮುದ್ದೆ, ಮಸಾಲೆ ರುಬ್ಬುವಾಗಲೇ ಸೇರಿಬಿಡುತ್ತದೆ, ಆಮೇಲೆ ತೆಗೆಯಲಾಗದು. ಮಾವಿನಹಣ್ಣು, ಅಂಟಕ್ಕಿ ಅನ್ನ, ತೆಂಗಿನಹಾಲು ಸೇರಿದ ತಿನಿಸಿಗೆ ಇಂಥ ಯಾವ ಭಯವೂ ಇಲ್ಲ. ಪನೀರ್ ಬೆಣ್ಣೆ ಮಸಾಲೆ ತಿನ್ನಲು ಬ್ಯಾಂಕಾಕಿಗೆ ಬರಬೇಕಿಲ್ಲ.

ಅರಮನೆಯ ಟಿಕೆಟ್ಟನ್ನು ಹೊರಬಂದೊಡನೆ ಎಸೆಯಬೇಡಿ. ಅದರಲ್ಲೇ ಸಾಲಾ ಚಲೋಮ್‌ಕ್ರುಂಗ್ ರಂಗಮಂದಿರದ ಖೋನ್ ಪ್ರದರ್ಶನ ಸೇರಿದೆ, ವಾರದ ದಿನಗಳಲ್ಲಿ ಮಾತ್ರ. ಅರಮನೆಯಿಂದ ಬಸ್ಸೂ ಅವರದೇ. ಖೋನ್ ಎಂದರೆ ರಾಮಕಿಯನ್ನಿನ ಮುಖವಾಡದ ಕುಣಿತ, ಸುಮಾರು 25 ನಿಮಿಷ. ಮುಖವಾಡದವರು ಮಾತಾಡುವುದಿಲ್ಲ, ಹಾಡೂ ಮಾತೂ ಪಕ್ಕದಲ್ಲಿ ಕೂತವರದು. ವೇಷಧಾರಿಗಳೇ ಮಾತಾಡುವ ಯಕ್ಷಗಾನದ ಅರ್ಥಗಾರಿಕೆಗೆ ಕಿವಿ ಪಳಗಿದವರಿಗೆ ಅಲ್ಲೊಂದು ಕೊರತೆ ಅನಿಸುತ್ತದೆ. ಆದರೆ ಹನುಮಂತನ ವೇಷದವನು ಯುದ್ಧದ ನಡುವೆ ಮೈ ಕೆರೆದುಕೊಂಡು ತಲೆ ಓರೆ ಮಾಡುವುದನ್ನು ನೋಡಿದರೆ ಆ ಕೊರತೆ ಮರೆತುಹೋಗುತ್ತದೆ.

ರಂಗಮಂದಿರದಿಂದ ಸಾಮ್ ಯೋತ್ ಮೆಟ್ರೊ ನಿಲ್ದಾಣ ನಡೆದೇ ಹೋಗುವಷ್ಟು ಹತ್ತಿರ. ಬಿಟಿಎಸ್ ಕಾರ್ಡು ಇಲ್ಲಿ ನಡೆಯದು, ಬೇರೆಯೇ ಟಿಕೆಟ್. ಕುಮಟಾದವನು ರೈಲಿನಲ್ಲಿ ಮುಖ ಊದಿಸಿಕೊಂಡೇ ಕೂತಿದ್ದ. ಬಸ್ಸು ತಪ್ಪುತ್ತದೆಂದು ಪ್ರಾಕಾರದಿಂದ ಎಬ್ಬಿಸಿಕೊಂಡು ಬಂದಾಗ ಗೋಡೆಯ ಮೇಲೆ ರಾವಣ ಇನ್ನೂ ಸತ್ತಿರಲಿಲ್ಲ.