ಮ್ಯಾಕರಾನ್ ಆರ್ಡರ್‌ಗೆ ಮೂರು ದಿನ ಯಾಕೆ ಬೇಕು

ಮಂಗಳೂರಿನಲ್ಲಿ ಮನೆಯಿಂದಲೇ ಬೇಕಿಂಗ್ ಮಾಡಿ ಮಾರುತ್ತೇನೆ. ಕೇಕ್, ಬ್ರೌನಿ ಎಲ್ಲ ಇದೆ, ಆದರೆ ಈ ಕೆಲಸ ಹೇಗೆ ಮಾಡಬೇಕು ಅಂತ ನನಗೆ ಕಲಿಸಿದ್ದು ಚಾಕೊಲೇಟ್ ಮ್ಯಾಕರಾನ್, ಅಂದರೆ ಬಾದಾಮಿ ಹಿಟ್ಟು ಮತ್ತು ಮೊಟ್ಟೆಯ ಬಿಳಿಯಿಂದ ಮಾಡಿದ ಎರಡು ಪುಟ್ಟ ಬಿಸ್ಕತ್ತಿನಂಥ ಶೆಲ್‌ಗಳ ನಡುವೆ ಫಿಲ್ಲಿಂಗ್ ಇಟ್ಟ ಸಿಹಿ. ಅದರ ಆರ್ಡರ್ ಬಂದರೆ ಮೊದಲು ಕೇಳುವುದು ಯಾವತ್ತಿಗೆ ಬೇಕು ಅಂತ. ಎಷ್ಟು ಬೇಕು ಅನ್ನುವುದು ಆಮೇಲೆ. "ಅಕ್ಕ, ನಾಳೆ ಸಂಜೆಗೆ ಸಿಗಬಹುದಾ?" ಅಂದರೆ "ಇಲ್ಲ ಮಾರಾಯ್ತಿ, ನಾಡಿದ್ದು ಸಂಜೆಗಾದ್ರೆ ಆಗ್ತದೆ" ಅನ್ನುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ. ಓವನ್‌ನಲ್ಲಿ ಇರುವುದು ಕಾಲು ಗಂಟೆ ಅಲ್ವಾ ಅಂತ ಕೇಳುತ್ತಾರೆ. ಕಾಲು ಗಂಟೆ ಹೌದು. ಉಳಿದದ್ದೆಲ್ಲ ಕಾಯುವ ಕೆಲಸ. ಆ ಕಾಯುವುದಕ್ಕೂ ಕ್ಯಾಲೆಂಡರ್‌ನಲ್ಲಿ ಜಾಗ ಬೇಕು, ರೇಟಿನಲ್ಲೂ ಜಾಗ ಬೇಕು. ಹೊಸದಾಗಿ ಆರ್ಡರ್ ತೆಗೆದುಕೊಳ್ಳಲು ಶುರು ಮಾಡಿದವರು ಇದನ್ನು ತಿಳಿದುಕೊಂಡೇ ಹೆಜ್ಜೆ ಇಡಲಿ ಅಂತ ಬರೆಯುತ್ತಿದ್ದೇನೆ.

ಮೊದಲ ದಿನ ಸಂಜೆ ಒಲೆ ಹಚ್ಚುವುದು ಗನಾಶ್‌ಗೆ ಮಾತ್ರ, ಅಂದರೆ ಒಳಗೆ ತುಂಬುವ ಚಾಕೊಲೇಟ್ ಮತ್ತು ಕ್ರೀಮ್ ಮಿಶ್ರಣಕ್ಕೆ. ಅಂಗಡಿಯಲ್ಲಿ ಸಿಗುವ ಪ್ಯಾಕೆಟ್ ಫ್ರೆಶ್ ಕ್ರೀಮ್‌ನಲ್ಲಿ ಕೊಬ್ಬು ಸಾಮಾನ್ಯವಾಗಿ ಶೇಕಡಾ 25 ಇರುತ್ತದೆ. ನಮ್ಮೂರಿನ ಸೆಖೆಗೆ ಚಾಕೊಲೇಟ್ ಕ್ರೀಮ್ ಸಮಸಮ ಹಾಕಿದರೆ ಫಿಲ್ಲಿಂಗ್ ಜಾರುತ್ತದೆ, ಹಾಗಾಗಿ 100 ಗ್ರಾಂ ಕ್ರೀಮ್‌ಗೆ 150 ಗ್ರಾಂ ಡಾರ್ಕ್ ಚಾಕೊಲೇಟ್ ಹಾಕುತ್ತೇನೆ. ಕಾಂಪೌಂಡ್ ಚಾಕೊಲೇಟ್ ಬೇಡ. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಇರುತ್ತದೆ, ಬಾಯಲ್ಲಿ ಕರಗದೆ ಮೇಣದ ಹಾಗೆ ಅಂಟಿಕೊಳ್ಳುತ್ತದೆ. ಶೆಲ್ ಪೂರ್ತಿ ಸಕ್ಕರೆ ಬಾದಾಮಿಯೇ ಆದ್ದರಿಂದ ಒಳಗೆ ಕಹಿ ಇದ್ದಷ್ಟೂ ಒಳ್ಳೆಯದು, ಒಂದು ಚಿಟಿಕೆ ಉಪ್ಪೂ ಬೇಕು. "ಸ್ವಲ್ಪ ಸಿಹಿ ಜಾಸ್ತಿ ಮಾಡಿ" ಅನ್ನುವವರು ಇದ್ದಾರೆ, ಆ ಒಂದು ವಿಷಯದಲ್ಲಿ ನಾನು ಬಗ್ಗುವುದಿಲ್ಲ. ಚಾಕೊಲೇಟ್ ರುಚಿ ನಮ್ಮ ಜಿಲ್ಲೆಗೆ ಹೊಸದಲ್ಲ, ಅಡಿಕೆ ತೋಟದ ನಡುವೆ ಕೊಕ್ಕೊ ಬೆಳೆಯುತ್ತೇವೆ, ಪುತ್ತೂರಿನಲ್ಲಿ ಅಡಿಕೆ, ಕೊಕ್ಕೊ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1986ರಿಂದ ಚಾಕೊಲೇಟ್ ಕಾರ್ಖಾನೆ ನಡೆಸುತ್ತಿದೆ. ಆ ರುಚಿಯನ್ನು ಸಕ್ಕರೆಯಲ್ಲಿ ಮುಚ್ಚಿಹಾಕಲು ನನಗೆ ಮನಸ್ಸಿಲ್ಲ. ಗನಾಶ್ ರಾತ್ರಿಯಿಡೀ ಕೂತು ಗಟ್ಟಿಯಾಗಲಿ.

ಎರಡನೇ ದಿನ ಶೆಲ್. ನನ್ನ ಅಳತೆ ಇದು: 100 ಗ್ರಾಂ ಮೊಟ್ಟೆಯ ಬಿಳಿ, 100 ಗ್ರಾಂ ಸಕ್ಕರೆ, 105 ಗ್ರಾಂ ಬಾದಾಮಿ ಹಿಟ್ಟು, 105 ಗ್ರಾಂ ಐಸಿಂಗ್ ಶುಗರ್, 12 ಗ್ರಾಂ ಕೋಕೋ ಪೌಡರ್. ಎಲ್ಲವೂ ತಕ್ಕಡಿಯಲ್ಲಿ, ಮೊಟ್ಟೆ ಕೂಡ. ಎರಡು ಮೊಟ್ಟೆ, ಮೂರು ಮೊಟ್ಟೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಿಳಿ ಮತ್ತು ಸಕ್ಕರೆಯನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು, ಬೆರಳಲ್ಲಿ ಉಜ್ಜಿದರೆ ಸಕ್ಕರೆ ಕಾಳು ಸಿಗದಷ್ಟು ಕರಗಿಸಿ, ಆಮೇಲೆ ಬೀಟರ್‌ನಲ್ಲಿ ಗಟ್ಟಿ ನೊರೆ ಬರುವವರೆಗೆ ಬೀಟ್ ಮಾಡುವುದು. ಇದು ಸ್ವಿಸ್ ವಿಧಾನ. 118 ಡಿಗ್ರಿಗೆ ಪಾಕ ತೆಗೆದು ಸುರಿಯುವ ಇಟಾಲಿಯನ್ ವಿಧಾನವೂ ಗಟ್ಟಿಮುಟ್ಟು, ಆದರೆ ಮನೆಯಲ್ಲಿ ಒಬ್ಬಳೇ ಕೆಲಸ ಮಾಡುವಾಗ ಒಂದು ಕೈಯಲ್ಲಿ ಕುದಿಯುವ ಪಾಕ, ಇನ್ನೊಂದರಲ್ಲಿ ಬೀಟರ್ ಹಿಡಿಯುವುದು ನನಗೆ ಇಷ್ಟವಿಲ್ಲ.

ಜರಡಿ ಹಿಡಿದ ಬಾದಾಮಿ ಹಿಟ್ಟು, ಐಸಿಂಗ್ ಶುಗರ್, ಕೋಕೋವನ್ನು ಈ ನೊರೆಗೆ ಹಾಕಿ ಸ್ಪ್ಯಾಚುಲಾದಲ್ಲಿ ಮೆಲ್ಲಗೆ ತಿರುಗಿಸಿ ಬೆರೆಸುವುದು. ಕೋಕೋ ಬಂದ ಕೂಡಲೇ ಹಿಟ್ಟಿನ ಸ್ವಭಾವ ಬದಲಾಗುತ್ತದೆ. ಕೋಕೋ ನೀರು ಹೀರುತ್ತದೆ, ಹಿಟ್ಟು ಗಟ್ಟಿಯಾಗುತ್ತದೆ. ಅದರಲ್ಲಿರುವ ಕೊಬ್ಬು ನೊರೆಯನ್ನು ಇಳಿಸುತ್ತದೆ. ಆದ್ದರಿಂದ ವೆನಿಲಾ ಮ್ಯಾಕರಾನ್‌ಗೆ ಇಷ್ಟು ಸಲ ಕೈ ತಿರುಗಿಸಬೇಕು ಅನ್ನುವ ಲೆಕ್ಕವನ್ನು ಇಲ್ಲಿಗೆ ತರಬೇಡಿ. ಹದ ನೋಡಬೇಕು. ಸ್ಪ್ಯಾಚುಲಾ ಎತ್ತಿದರೆ ಹಿಟ್ಟು ಕಡಿಯದೆ ಪಟ್ಟಿಯಾಗಿ ಇಳಿಯಬೇಕು, ಇಳಿದ ಗೆರೆ ಹತ್ತು ಹದಿನೈದು ಸೆಕೆಂಡಿನಲ್ಲಿ ತಾನಾಗಿ ಮಟ್ಟವಾಗಬೇಕು. ಅಲ್ಲಿಗೆ ಕೈ ನಿಲ್ಲಿಸಿ.

ಇನ್ನು ಒಣಗಿಸುವುದು. ಹೊರಗಿನವರಿಗೆ ಅರ್ಥವಾಗದ ಭಾಗ ಇದು. ಟ್ರೇ ಮೇಲೆ ಪೈಪ್ ಮಾಡಿದ ಬೊಟ್ಟುಗಳ ಮೇಲೆ ತೆಳು ಪೊರೆ ಕಟ್ಟಬೇಕು, ಬೆರಳಿಟ್ಟರೆ ಅಂಟಬಾರದು. ಓವನ್‌ನಲ್ಲಿ ಒಳಗಿನ ಆವಿಗೆ ಆ ಪೊರೆ ಒಡೆದು ಮೇಲೆ ಬರಲು ಆಗುವುದಿಲ್ಲ, ಅದಕ್ಕೆ ಬುಡದಿಂದ ತಳ್ಳುತ್ತದೆ, ಹಾಗೆಯೇ ಕೆಳಗೆ ಆ ಚೆಂದದ ಗುಳ್ಳೆಗುಳ್ಳೆ ಅಂಚು, ನಾವು ಫೀಟ್ ಅನ್ನುವುದು, ಬರುತ್ತದೆ. ಪೊರೆ ಸರಿಯಾಗಿ ಕಟ್ಟದಿದ್ದರೆ ಮೇಲ್ಭಾಗ ಬಿರುಕು ಬಿಡುತ್ತದೆ. ಫೆಬ್ರವರಿಯಲ್ಲಿ ಫ್ಯಾನ್ ಕೆಳಗೆ ಮುಕ್ಕಾಲು ಗಂಟೆ ಸಾಕು. ಜುಲೈಯಲ್ಲಿ, ಹೊರಗೆ ಮಳೆ ಬಿಡದೆ ಸುರಿಯುತ್ತಾ ಗಾಳಿಯ ತೇವ ಶೇಕಡಾ 90 ಮುಟ್ಟಿರುವಾಗ, ಎರಡು ಗಂಟೆ ಇಟ್ಟರೂ ಬೆರಳಿಗೆ ಅಂಟುತ್ತದೆ. ಆಗ ಟ್ರೇಗಳು ಎಸಿ ರೂಮಿಗೆ ಹೋಗುತ್ತವೆ, ಎಸಿ ಡ್ರೈ ಮೋಡ್‌ನಲ್ಲಿ, ಬಾಗಿಲು ಮುಚ್ಚಿ, ಮಕ್ಕಳಿಗೆ ಪ್ರವೇಶವಿಲ್ಲ. ಬಾದಾಮಿ ಹಿಟ್ಟನ್ನೂ ಮಳೆಗಾಲದಲ್ಲಿ ಸಣ್ಣ ಉರಿಯ ಓವನ್‌ನಲ್ಲಿ ಹತ್ತು ನಿಮಿಷ ಬೆಚ್ಚಗೆ ಮಾಡಿ, ಪೂರ್ತಿ ಆರಿಸಿ, ಆಮೇಲೆ ಜರಡಿ ಹಿಡಿಯುತ್ತೇನೆ. ಬಿಸಿ ಇರುವಾಗ ಮುಟ್ಟಿದರೆ ಎಣ್ಣೆ ಬಿಡುತ್ತದೆ.

ಓಟಿಜಿಯ, ಅಂದರೆ ಮನೆಯ ಸಣ್ಣ ಕರೆಂಟ್ ಓವನ್‌ನ, ತಿರುಗಣೆಯನ್ನು ನಂಬಬೇಡಿ. ಒಳಗೆ ಇಡುವ ಸಣ್ಣ ಥರ್ಮಾಮೀಟರ್ ಕೊಳ್ಳಿ, ಅದು 150 ಡಿಗ್ರಿ ತೋರಿಸಿದ ಮೇಲೆ ಟ್ರೇ ಇಡಿ. ಕೆಳಗಿನ ರಾಡ್ ಜೋರಿದ್ದರೆ ಟ್ರೇಯ ಅಡಿಗೆ ಇನ್ನೊಂದು ಖಾಲಿ ಟ್ರೇ ಸೇರಿಸಿ. ಚಾಕೊಲೇಟ್ ಶೆಲ್‌ನಲ್ಲಿ ಇನ್ನೊಂದು ಕಷ್ಟ ಇದೆ, ಅದು ಮೊದಲೇ ಕಂದು ಬಣ್ಣ, ಬಣ್ಣ ನೋಡಿ ಬೆಂದಿದೆಯಾ ಅಂತ ಹೇಳಲು ಆಗುವುದಿಲ್ಲ. ಹದಿನಾಲ್ಕು ನಿಮಿಷವಾದ ಮೇಲೆ ಒಂದು ಶೆಲ್‌ನ ತಲೆಯನ್ನು ಮೆಲ್ಲಗೆ ಅಲುಗಾಡಿಸಿ ನೋಡುತ್ತೇನೆ. ಫೀಟ್ ಮೇಲೆ ಜಾರಿದರೆ ಇನ್ನೆರಡು ನಿಮಿಷ ಬೇಕು.

ಫಿಲ್ಲಿಂಗ್ ಹಾಕಿ ಮುಚ್ಚಿದ ಮ್ಯಾಕರಾನ್ ಅವತ್ತೇ ತಿಂದರೆ ಬರೀ ಗರಿಗರಿ, ಒಣಒಣ. ಗಾಳಿಯಾಡದ ಡಬ್ಬದಲ್ಲಿ ಒಂದು ದಿನ ಫ್ರಿಜ್‌ನಲ್ಲಿಟ್ಟರೆ ಗನಾಶ್‌ನ ತೇವ ಶೆಲ್‌ಗೆ ಇಳಿದು, ಮೇಲೆ ತೆಳುವಾಗಿ ಗರಿ, ಒಳಗೆ ಮೆತ್ತಗೆ ಆಗುತ್ತದೆ. ಉಪ್ಪಿನಕಾಯಿ ಹಾಕಿದ ದಿನವೇ ಬಡಿಸುತ್ತೀರಾ ಅಂತ ಕೇಳಿದರೆ ನಮ್ಮ ಕಡೆಯ ಹೆಂಗಸರಿಗೆ ಮತ್ತೆ ವಿವರಿಸಬೇಕಾಗುವುದಿಲ್ಲ.

ಈಗ ರೇಟಿನ ಮಾತು. ಬಾದಾಮಿ, ಚಾಕೊಲೇಟ್, ಕರೆಂಟ್ ಬಿಲ್ ಇಷ್ಟೇ ಕೂಡಿಸಿ ರೇಟು ಹೇಳುವವರನ್ನು ನೋಡಿದ್ದೇನೆ, ಆರು ತಿಂಗಳಲ್ಲಿ ಸುಸ್ತಾಗಿ ಬಿಡುತ್ತಾರೆ. ಟ್ರೇಗಳು ಒಣಗುತ್ತಿರುವಷ್ಟು ಹೊತ್ತು ಆ ರೂಮು ನಿಮಗಿಲ್ಲ. ಡಬ್ಬ ಫ್ರಿಜ್‌ನಲ್ಲಿ ಇರುವಷ್ಟು ಹೊತ್ತು ಆ ಶೆಲ್ಫ್‌ನಲ್ಲಿ ಇನ್ನೊಂದು ಕೇಕ್ ಇಡಲಾಗುವುದಿಲ್ಲ, ಅಂದರೆ ಆ ಕೇಕಿನ ಆರ್ಡರ್ ನೀವು ಬಿಟ್ಟಿದ್ದೀರಿ. ಅದೂ ಖರ್ಚೇ. ನಾನು ಅದನ್ನು ಸೇರಿಸಿಯೇ ರೇಟು ಹೇಳುತ್ತೇನೆ. ಯಾಕೆ ಇಷ್ಟು ಅಂತ ಕೇಳಿದರೆ ಮೂರು ದಿನದ ಕೆಲಸವನ್ನು ಸಮಾಧಾನದಿಂದ ಹೇಳುತ್ತೇನೆ, ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದವರಿಗೆ ಬ್ರೌನಿ ಕೊಡುತ್ತೇನೆ, ಅದೂ ಚೆನ್ನಾಗಿಯೇ ಇರುತ್ತದೆ.

ಆರ್ಡರ್ ಬರೆದುಕೊಳ್ಳುವಾಗಲೇ ಮೊಟ್ಟೆ ಇದೆ, ಬಾದಾಮಿ ಇದೆ ಅಂತ ಹೇಳಿಬಿಡಿ, ಬಾಕ್ಸ್ ಮೇಲೂ ಬರೆಯಿರಿ. ನೋಡಿದರೆ ಮೊಟ್ಟೆಯ ತಿಂಡಿ ಅಂತ ಯಾರಿಗೂ ಗೊತ್ತಾಗುವುದಿಲ್ಲ, ಮೊಟ್ಟೆ ತಿನ್ನದವರ ಮನೆಗೆ ಗಿಫ್ಟ್ ಆಗಿ ಹೋಗುವುದು ಬೇಡ. ಜೊತೆಗೆ ಒಂದು ಚೀಟಿ ಇಡುತ್ತೇನೆ: ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಮುಚ್ಚಳ ತೆರೆಯಬೇಡಿ. ತಣ್ಣಗಿರುವಾಗಲೇ ತೆರೆದರೆ ಶೆಲ್ ಮೇಲೆ ನೀರಿನ ಹನಿ ಕೂತು ಅಂಟಂಟಾಗುತ್ತದೆ, ನಮ್ಮ ಊರಿನಲ್ಲಂತೂ ಐದೇ ನಿಮಿಷ ಸಾಕು.

ಕ್ರಿಸ್‌ಮಸ್ ಸಮಯದಲ್ಲಿ ಇಲ್ಲಿ ಆರ್ಡರ್ ಒಮ್ಮೆಲೇ ಬರುತ್ತದೆ. ಅದಕ್ಕೆ ಡಿಸೆಂಬರ್ ಮೊದಲ ವಾರವೇ, ಮಳೆ ನಿಂತು ಗಾಳಿ ಒಣಗಿರುವಾಗ, ಶೆಲ್ ಮಾಡಿ ಫಿಲ್ಲಿಂಗ್ ತುಂಬಿ ಡಬ್ಬ ಮುಚ್ಚಿ ಫ್ರೀಜರ್‌ನಲ್ಲಿ ಇಡುತ್ತೇನೆ. ಮ್ಯಾಕರಾನ್ ಇದನ್ನು ಚೆನ್ನಾಗಿ ತಡೆಯುತ್ತದೆ. ಕೊಡುವ ಹಿಂದಿನ ರಾತ್ರಿ ಫ್ರೀಜರ್‌ನಿಂದ ಕೆಳಗಿನ ಫ್ರಿಜ್‌ಗೆ ಇಳಿಸಿದರೆ ಆಯ್ತು. ಈ ವರ್ಷ ಅದಕ್ಕೆಂದೇ ಒಂದು ಸಣ್ಣ ಫ್ರೀಜರ್ ಬೇರೆಯಾಗಿ ಕೊಳ್ಳುತ್ತಿದ್ದೇನೆ.