ಅಜ್ಜನ ಮಳೆ ಲೆಕ್ಕ: ಕಂಪ್ಯೂಟರಿನ ರ‍್ಯಾಮ್ ಕೈಕೊಟ್ಟ ಮೂರು ವಾರ

ಜೂನ್ 28

ಮಳೆ ಪುಸ್ತಕ ಕಂಪ್ಯೂಟರಿಗೆ ಏರಿಸುವ ಕೆಲಸ ನಿಂತಿದೆ. ಸೋಮವಾರಪೇಟೆ ಹತ್ತಿರದ ನಮ್ಮ ತೋಟದಲ್ಲಿ ಅಜ್ಜ 1971ರಿಂದ ದಿನಾ ಬೆಳಿಗ್ಗೆ ಮಳೆ ಅಳೆದು ಬರೆದಿಟ್ಟಿದ್ದಾರೆ. ಎಲ್ಲ ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಫೋನಿನಲ್ಲಿ ಪುಟಗಳ ಫೋಟೊ ತೆಗೆದು, ಕಂಪ್ಯೂಟರಿಗೆ ಹಾಕಿಕೊಂಡು, ನೋಡಿ ನೋಡಿ ಶೀಟಿನಲ್ಲಿ ತುಂಬುತ್ತಿದ್ದೆ. 1983ರವರೆಗೆ ಬಂದಿತ್ತು.

ಈ ವಾರ ಮೂರು ಸಲ ನೀಲಿ ಪರದೆ, ವಿಂಡೋಸ್ ಕೆಟ್ಟು ನಿಂತಾಗ ಬರುವಂಥದ್ದು. ಒಂದು ಸಲ ಮೆಮೊರಿ ಮ್ಯಾನೇಜ್‌ಮೆಂಟ್ ಅಂತ ತೋರಿಸಿತು, ಇನ್ನೊಂದು ಸಲ ಪೇಜ್ ಫಾಲ್ಟ್, ಮೂರನೇ ಸಲ ಓದುವಷ್ಟರಲ್ಲಿ ರೀಸ್ಟಾರ್ಟ್ ಆಯಿತು. ರಿಪೇರಿ ಅಂಗಡಿಯಲ್ಲಿ ಕೇಳಿದ್ದಕ್ಕೆ "ವಿಂಡೋಸ್ ಹೊಸದಾಗಿ ಹಾಕಿ ಸರ್, ಸರಿಹೋಗುತ್ತೆ" ಅಂದರು. ಹಾಕಲು ಹೋದೆ. ಅದೂ ಅರ್ಧಕ್ಕೆ ನಿಂತಿತು. ದಿನಕ್ಕೊಂದು ಹೊಸ ಎರರ್ ಬಂದರೆ, ಇನ್‌ಸ್ಟಾಲ್ ಕೂಡ ಮುಗಿಯದಿದ್ದರೆ ಮೊದಲು, ಕೆಲಸ ನಡೆಯುವಾಗ ಮಾಹಿತಿ ತಾತ್ಕಾಲಿಕವಾಗಿ ಕೂರುವ ಮೆಮೊರಿ, ಅಂದರೆ ರ‍್ಯಾಮ್ ನೋಡಬೇಕು. ನನಗೆ ಅದು ಆಗ ಹೊಳೆಯಲಿಲ್ಲ.

ಹೊಳೆದದ್ದು ಒಂದು ಫೋಟೊ ನೋಡಿದಾಗ. 1983ರ ಜುಲೈ ಪುಟ. ಮೇಲಿನ ಅರ್ಧ ಸರಿಯಾಗಿದೆ, ಅಜ್ಜನ ನೀಲಿ ಶಾಯಿ ಕೂಡ ಚೆನ್ನಾಗಿ ಕಾಣುತ್ತದೆ. 17ನೇ ತಾರೀಖಿನ ಸಾಲಿನಿಂದ ಕೆಳಗೆ ಇಡೀ ಪುಟ ಗುಲಾಬಿ ಬಣ್ಣಕ್ಕೆ ತಿರುಗಿ, ಸಾಲುಗಳು ಪಕ್ಕಕ್ಕೆ ಜರುಗಿವೆ. ಫೋನಿನಲ್ಲಿ ಅದೇ ಫೋಟೊ ಸರಿಯಾಗಿದೆ! ಅಂದರೆ ಕಾಪಿ ಆಗುವಾಗ ಕೆಟ್ಟಿದೆ. ಕಾಪಿ ಮಾಡುವ ಫೈಲ್ ರ‍್ಯಾಮ್ ಮೂಲಕವೇ ಡಿಸ್ಕಿಗೆ ಹೋಗುತ್ತದೆ. ಅಲ್ಲಿ ಒಂದು ಬಿಟ್ (0 ಅಥವಾ 1 ಅನ್ನುವ ಒಂದು ಗುರುತು) ತಪ್ಪಿದರೆ ತಪ್ಪೇ ಡಿಸ್ಕಿನಲ್ಲಿ ಕೂರುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಕಂಪ್ಯೂಟರ್ ಹ್ಯಾಂಗ್ ಆದದ್ದಕ್ಕಿಂತ ಇದು ನನಗೆ ಜಾಸ್ತಿ ಭಯ ಹುಟ್ಟಿಸಿತು.

ಜುಲೈ 2

ಮೆಮ್‌ಟೆಸ್ಟ್ 86 ಪ್ಲಸ್ ಅನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಬೂಟ್ ಮಾಡಿದೆ. ಮೆಮೊರಿ ಪರೀಕ್ಷಿಸುವ ಪ್ರೋಗ್ರಾಂ ಅದು, ಉಚಿತವಾಗಿ ಸಿಗುತ್ತದೆ, ವಿಂಡೋಸ್ ಬೇಕಿಲ್ಲ. ಹನ್ನೆರಡು ನಿಮಿಷಕ್ಕೆ ಕೆಂಪು ಸಾಲುಗಳು ಶುರುವಾದವು. ಸಾಲು ಪೂರ್ತಿ ಎಫ್ ಇರಬೇಕಾದ ಕಡೆ ಒಂದೇ ಒಂದು ಎಫ್ ಜಾಗದಲ್ಲಿ 7. ಎಫ್ ಅಂದರೆ 1111, 7 ಅಂದರೆ 0111. ಬರೀ ಒಂದು ಬಿಟ್! 1 ಇರಬೇಕಾದಲ್ಲಿ 0.

ರ‍್ಯಾಮ್‌ನಲ್ಲಿ ಒಂದೊಂದು ಬಿಟ್ ಅಂದರೆ ಒಂದು ಚಿಕ್ಕ ಕೆಪಾಸಿಟರಿನಲ್ಲಿ ನಿಂತ ಚಾರ್ಜ್. ಅದು ಸೋರುತ್ತಲೇ ಇರುತ್ತದೆ, ಅದಕ್ಕೇ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಮತ್ತೆ ತುಂಬುತ್ತಾರೆ. ಒಂದು ಕೋಶ ಅದಕ್ಕಿಂತ ಬೇಗ ಸೋರಿತೋ, ಲೆಕ್ಕ ತಪ್ಪಿತು. ಮಳೆ ಅಳೆಯುವ ಬಾಟಲಿಗೆ ಸಣ್ಣ ಬಿರುಕು ಬಿಟ್ಟ ಹಾಗೆ.

ಟೆಸ್ಟ್ ಮುಗಿಯುವ ಮೊದಲೇ ಕರೆಂಟ್ ಹೋಯಿತು. ತಂತಿ ಮೇಲೆ ಸಿಲ್ವರ್ ಮರ ಬಿದ್ದಿದೆಯಂತೆ.

ಜುಲೈ 5

ಮೂರು ದಿನದ ಮೇಲೆ ಕರೆಂಟ್ ಬಂತು. ಪವರ್ ಕೇಬಲ್ ಕಿತ್ತು, ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ, ಆಮೇಲೆ ರ‍್ಯಾಮ್‌ಗೆ ಕೈ ಹಾಕಿದೆ. ಮಳೆಗಾಲದಲ್ಲಿ ಸ್ಟ್ಯಾಟಿಕ್ ಕಡಿಮೆ, ಆದರೂ ಈ ಅಭ್ಯಾಸ ಬಿಡಬಾರದು.

ಎರಡು ಸ್ಟಿಕ್, ಒಂದೊಂದು 4 ಜಿಬಿ, ಡಿಡಿಆರ್3 ಅನ್ನುವ ಹಳೇ ತಲೆಮಾರಿನವು. ಇಲ್ಲಿ ಚಪ್ಪಲಿಗೂ ಬೂಸು ಹಿಡಿಯುವ ಕಾಲ, ಹಾಗಾಗಿ ತೇವದ ಮೇಲೆ ನನಗೆ ಮೊದಲು ಅನುಮಾನ. ಬಂಗಾರದ ಬಣ್ಣದ ಪಿನ್ನುಗಳ ಮೇಲೆ ಮಬ್ಬು ಪದರ ಇತ್ತು. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿದೆ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಈ ಸಲ ಆಗಲಿಲ್ಲ.

ಆಮೇಲೆ ಒಂದೊಂದೇ ಸ್ಟಿಕ್ ಹಾಕಿ ನೋಡಿದೆ. ಮೊದಲನೆಯದು ಎರಡೂ ಸ್ಲಾಟಿನಲ್ಲಿ ಪಾಸ್. ಎರಡನೆಯದು ಯಾವ ಸ್ಲಾಟಿಗೆ ಹಾಕಿದರೂ ಕೆಂಪು ಸಾಲು. ಸ್ಲಾಟ್ ಬದಲಿಸಿ ನೋಡುವುದನ್ನು ಬೇಜಾರಾಯಿತು ಅಂತ ಬಿಡಬೇಡಿ. ಎರರ್ ಸ್ಟಿಕ್ಕಿನ ಜೊತೆ ಓಡಾಡಿದರೆ ಸ್ಟಿಕ್ ಕೆಟ್ಟಿದೆ, ಸ್ಲಾಟಿನಲ್ಲೇ ಉಳಿದರೆ ಬೋರ್ಡಿನ ಕಡೆ ನೋಡಬೇಕು. ಕೆಟ್ಟ ಸ್ಟಿಕ್ ಮೇಲೆ ಮಾರ್ಕರಿನಿಂದ ಒಂದು ಗೀಟು ಎಳೆದಿಟ್ಟೆ, ಮತ್ತೆ ಬೆರೆಯಬಾರದಲ್ವಾ.

ಜುಲೈ 12

ಮಡಿಕೇರಿಯಲ್ಲಿ ಡಿಡಿಆರ್4 ಕೊಡಲು ಬಂದರು. ಅದು ಈ ಬೋರ್ಡಿಗೆ ಕೂರುವುದೇ ಇಲ್ಲ. ಡಿಡಿಆರ್3ಕ್ಕೆ 240 ಪಿನ್, ಡಿಡಿಆರ್4ಕ್ಕೆ 288, ನಡುವಿನ ಕಚ್ಚಿನ ಜಾಗವೂ ಬೇರೆ. ಹಳೇ ಸ್ಟಿಕ್ ಜೇಬಿನಲ್ಲಿಟ್ಟುಕೊಂಡು ಹೋಗಿದ್ದು ಒಳ್ಳೆಯದಾಯಿತು, ಪಕ್ಕಪಕ್ಕ ಇಟ್ಟು ನೋಡಿದೆವು. ಕೊನೆಗೆ ಮೈಸೂರಿಗೆ ಹೋಗುತ್ತಿದ್ದ ಚಿಕ್ಕಪ್ಪನ ಮಗ ತಂದುಕೊಟ್ಟ. ಲೇಬಲ್ಲಿನಲ್ಲಿ ಪಿಸಿ3-12800 ಅಂತ ಇದೆ, ಅಂದರೆ 1600ರ ವೇಗ. ನಮ್ಮ ಹಳೆಯದು 1333. ಜೊತೆಗೆ ಹಾಕಿದರೆ ಎರಡೂ 1333ರಲ್ಲೇ ಓಡುತ್ತವೆ, ತೊಂದರೆ ಇಲ್ಲ.

ಎರಡೂ ಕಡೆಯ ಕ್ಲಿಪ್ ತಾವಾಗಿ ಟಕ್ ಅಂತ ಮುಚ್ಚುವವರೆಗೆ ಒತ್ತಿದೆ. ಹೊಸದು ಅಂತ ನಂಬಿ ಬಿಡಲಿಲ್ಲ, ಮತ್ತೆ ಇಡೀ ರಾತ್ರಿ ಟೆಸ್ಟ್. ಬೆಳಿಗ್ಗೆ ಟೆಸ್ಟಿನ ನಾಲ್ಕು ಸುತ್ತು ಮುಗಿದಿತ್ತು, ಎರರ್ ಸೊನ್ನೆ. ಅಡುಗೆಮನೆಗೆ ಹೋಗಿ ಅಮ್ಮನಿಗೆ ಹೇಳಿ ಬಂದೆ. ವಿಂಡೋಸ್ ಒಂದೇ ಏಟಿಗೆ ಇನ್‌ಸ್ಟಾಲ್ ಆಯಿತು.

ಜುಲೈ 19

ರ‍್ಯಾಮ್ ಬದಲಾಯಿಸಿದರೆ ಆಗಲೇ ಕೆಟ್ಟ ಫೈಲ್ ಸರಿಯಾಗುವುದಿಲ್ಲ. ಫೋನಿನಲ್ಲಿದ್ದ ಅಷ್ಟೂ ಫೋಟೊ ಬೇರೆ ಫೋಲ್ಡರಿಗೆ ಮತ್ತೆ ಕಾಪಿ ಮಾಡಿ, ಸರ್ಟ್‌ಯುಟಿಲ್ ಕಮಾಂಡಿನಿಂದ ಹಳೇ ಕಾಪಿ, ಹೊಸ ಕಾಪಿ ಎರಡರ ಹ್ಯಾಶ್ (ಫೈಲಿನ ಒಳಗಿನದರಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಗುರುತು) ತೆಗೆದು ಹೋಲಿಸಿದೆ. 412ರಲ್ಲಿ 9 ಹೊಂದಲಿಲ್ಲ. ಅದರಲ್ಲಿ ಆರು ಕಣ್ಣಿಗೆ ಏನೂ ಗೊತ್ತಾಗದಂಥವು.

ಶೀಟಿನ ಅಂಕಿಗಳಿಗೆ ಹೀಗೆ ಹೋಲಿಸಲು ಬೇರೆ ಕಾಪಿ ಇಲ್ಲ, ಪುಸ್ತಕವೇ ಗತಿ. ಮೇ ತಿಂಗಳಿಂದ ತುಂಬಿದ್ದನ್ನೆಲ್ಲ ಮತ್ತೆ ನೋಡುತ್ತಿದ್ದೇವೆ. ಸಂಜೆ ಕಾಫಿ ಆದ ಮೇಲೆ ಅಮ್ಮ ಕನ್ನಡಕ ಹಾಕಿಕೊಂಡು ಓದುತ್ತಾರೆ: "ಹದಿನಾರು, ಎರಡಿಂಚು ನಲವತ್ತು ಸೆಂಟು. ಹದಿನೇಳು, ನಾಲ್ಕಿಂಚು ಐದು ಸೆಂಟು." ನಾನು ಪರದೆ ಮೇಲೆ ಟಿಕ್ ಹಾಕುತ್ತೇನೆ. ಇವತ್ತು 1979ರ ಜೂನ್ ಮುಗಿಯಿತು. ಇನ್ನೂ ನಾಲ್ಕು ಮಳೆಗಾಲ ಬಾಕಿ ಇದೆ.