ಚಾಕು ತೂರಿಸುವ ಮುಂಚೆ ಒಂದು ಹನಿ ನೀರು

ಹೋದ ವರ್ಷ ರಾಮನವಮಿ ಕಛೇರಿಗಳು ಶುರುವಾಗೋ ಹೊತ್ತಿಗೆ, ಬಳೇಪೇಟೆಯ ನಮ್ಮ ಅಂಗಡಿಗೆ ಒಬ್ಬರು ಪಿಟೀಲು ಮೇಷ್ಟ್ರು ಬಂದರು. ಅವರ ತಂದೆ ಕಾಲದ ಪಿಟೀಲು. ಬೆರಳು ಓಡಾಡುವ ಕರಿಮರದ ಪಟ್ಟಿ ಒಂದು ತುದಿಯಲ್ಲಿ ಎದ್ದಿತ್ತು. "ನಾಳಿದ್ದು ಬನ್ನಿ ಸಾರ್" ಅಂದುಬಿಟ್ಟೆ.

ಹಳೇ ಪಿಟೀಲು ಅಂದರೆ ಸರೇಸು ಅನ್ನೋದು ನನ್ನ ಲೆಕ್ಕ. ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆಯುವ ಅಂಟು ಅದು. ಸುಮಾರು 60 ಡಿಗ್ರಿ ಬಿಸಿಯಲ್ಲಿ ಹಚ್ಚುತ್ತೇವೆ. ಬಿಸಿ, ಸ್ವಲ್ಪ ತೇವ ಕೊಟ್ಟರೆ ಎಷ್ಟು ವರ್ಷವಾದರೂ ಮತ್ತೆ ಮೆತ್ತಗಾಗುತ್ತದೆ. ಪಿಟೀಲಿನ ಮೇಲಿನ ಹಲಗೆಗಂತೂ ಬೇಕೆಂದೇ ತೆಳುವಾಗಿ ಹಚ್ಚುತ್ತಾರೆ, ಮರ ಒಣಗಿ ಎಳೆದಾಗ ಹಲಗೆ ಸೀಳುವ ಬದಲು ಅಂಟು ಬಿಡಲಿ ಅಂತ. (ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಪಿಟೀಲು ಬಿಟ್ಟು ಹೋಗುವವರಿಂದಲೇ ನಮ್ಮ ಹೊಟ್ಟೆ ತುಂಬೋದು.)

ಪಟ್ಟಿಯ ಮೇಲೆ ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆಯಿಂದ ಹದವಾಗಿ ಕಾಯಿಸಿದೆ. ತೆಳು ಚಾಕುವನ್ನು ಬಿಸಿನೀರಿಗೆ ಅದ್ದಿ ಎದ್ದಿದ್ದ ಕಡೆಯಿಂದ ತೂರಿಸಿದೆ. ಮೊದಲ ಮೂರು ಇಂಚು ಬೆಣ್ಣೆ ಕೊಯ್ದ ಹಾಗೆ ಹೋಯಿತು. ಹಳೇ ಚರ್ಮದಂಥ ವಾಸನೆ ಬಂತು. ಸರೇಸೇ, ಅನುಮಾನವಿಲ್ಲ. ಆಮೇಲೆ ಚಾಕು ನಿಂತಿತು. ಮತ್ತೆ ಕಾಯಿಸಿದೆ, ಮತ್ತೆ ಅದ್ದಿದೆ. ಜಗ್ಗಲಿಲ್ಲ. ಅಲ್ಲಿಗೆ ಬಿಟ್ಟು ಕಾಫಿ ಕುಡಿಯಲು ಹೋಗಬೇಕಿತ್ತು. ಸುಮ್ನೆ ಮಣಿಕಟ್ಟು ಒಂಚೂರು ತಿರುಗಿಸಿದೆ. "ಟರ್" ಅಂತು. ಒಣಗಿದ ಸರೇಸು ಬಿಟ್ಟರೆ ಟಿಕ್ ಅನ್ನುತ್ತದೆ. ಟರ್ ಅಂದದ್ದು ಮರ. ಕತ್ತಿನ ಮೇಪಲ್ ಮರದಿಂದ ಉಗುರಗಲದ ಒಂದು ಸಿಬಿರು ಪಟ್ಟಿಗೆ ಕಚ್ಚಿಕೊಂಡೇ ಎದ್ದು ಬಂದಿತ್ತು.

ಯಾರೋ ಹಿಂದೆ ಅರ್ಧ ಭಾಗಕ್ಕೆ ಬಡಗಿಗಳ ಬಿಳಿ ಅಂಟು ಹಾಕಿದ್ದರು. ಅಂಚಿನಲ್ಲಿ ಉಕ್ಕಿ ಒಣಗಿದ್ದ ಅಂಟು ಕಾಣುತ್ತಲೇ ಇತ್ತು. ಬೆಳಕಿಗೆ ಹಿಡಿದು ನೋಡಿದ್ದರೆ ಸಾಕಿತ್ತು, ಅಲ್ವಾ?

ಈಗ ಮೊದಲು ಅಂಚಿನುದ್ದಕ್ಕೂ ಮೂರು ನಾಲ್ಕು ಕಡೆ, ಉಕ್ಕಿರುವ ಅಂಟಿನ ಮೇಲೆ ಒಂದೊಂದು ಹನಿ ಬಿಸಿನೀರು ಇಡುತ್ತೇನೆ. ಐದು ನಿಮಿಷ ಬಿಟ್ಟು ಬೆರಳು ಒತ್ತಿ ನೋಡುತ್ತೇನೆ. ಸರೇಸಾದರೆ ಜಿಗುಟಾಗುತ್ತದೆ. ಬಿಳಿ ಅಂಟು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಎಪಾಕ್ಸಿಗೆ ಏನೂ ಆಗಲ್ಲ, ಅದಕ್ಕೆ ಬರೀ ಬಿಸಿಯೇ ಗತಿ. ಬಿಳಿ ಅಂಟು ಬಿಸಿಗೆ ರಬ್ಬರಿನ ಹಾಗಾಗುತ್ತದೆ, ಬಿಸಿ ವಿನೆಗರ್ ಕೊಟ್ಟರೆ ಇನ್ನೂ ಸಡಿಲ. ಆದರೆ ಆತುರ ಮಾಡುವ ಹಾಗಿಲ್ಲ. ಸರೇಸಿನ ಸಂದಿಗೆ ಕೆಲವರು ಒಂದು ಹನಿ ಸ್ಪಿರಿಟ್ ಬಿಡುತ್ತಾರೆ. ಅದು ಅಂಟಿನ ತೇವ ಹೀರಿ, ಅಂಟು ಗಡುಸಾಗಿ ಬಿರಿಯುತ್ತದೆ. ಒಳ್ಳೇ ಉಪಾಯವೇ, ಆದರೆ ಅರಗಿನ ಪಾಲಿಶ್ ಮೇಲೆ ಬಿದ್ದರೆ ಪಾಲಿಶೂ ಹೋಯಿತು. ನಾನು ಕೈಹಾಕುವುದು ಕಡಿಮೆ.

ಅಂಟಿಸುವಾಗಲೂ ಇದೇ ಕಥೆ. ಹಳೇ ಸರೇಸಿನ ಮೇಲೆ ಹೊಸ ಸರೇಸು ಕೂರುತ್ತದೆ. ಬಿಳಿ ಅಂಟಾದರೆ ಮರ ಕಾಣುವ ತನಕ ಕೆರೆಯಬೇಕು. ಆ ಪಿಟೀಲಿಗೆ ಬರೀ ಕೆರೆಯೋದಕ್ಕೇ ಒಂದು ದಿನ ಹಿಡಿಯಿತು.

ಸಿಬಿರನ್ನು ಅದರ ಜಾಗಕ್ಕೇ ಕೂರಿಸಿದೆ. ಮೇಷ್ಟ್ರು ಬಂದವರೇ ಕತ್ತಿನ ಮೇಲೆ ಹೆಬ್ಬೆರಳು ಆಡಿಸಿದರು.

"ಈ ಗೆರೆ ಮುಂಚೆ ಇತ್ತೇನಪ್ಪಾ?"

"ಇಲ್ಲ ಸಾರ್, ನನ್ನ ಕೈಯಲ್ಲೇ ಆಗಿದ್ದು. ಕೂಲಿ ಬೇಡ."

ಅವರು ಮಾತಾಡದೆ ತಂತಿ ಬಿಗಿದು, ಕಾಲು ಗಂಟೆ ನುಡಿಸಿದರು. "ಶ್ರುತಿ ನಿಲ್ಲುತ್ತೆ ಬಿಡು" ಅಂದು ಪೆಟ್ಟಿಗೆ ಮುಚ್ಚಿದರು.